ಅರಳು ಮರಳು ಅಂತ ಸುಮ್ಮನಿರಬೇಡಿ

'ಅರವತ್ತಕ್ಕೆ ಅರಳು ಮರಳು' ಅನ್ನೋ ಮಾತು ನಾವೆಲ್ಲಾ ಕೇಳಿದ್ದೇವೆ. ವಯಸ್ಸಾದ ಮೇಲೆ ಬುದ್ಧಿ ಕೆಡೋದು ಸಹಜ ಅಂತ ಅದರ ಅರ್ಥ. ಈ ಮಾತು ಪೂರ್ತಿ ನಿಜ ಅಲ್ಲ. ವಯಸ್ಸಾದರೆ ನೆನಪು ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೆ. ಬುದ್ಧಿಯೇ ಕೆಟ್ಟರೆ ಅದು ಕಾಯಿಲೆ.

ಸಾರಥಿಯಲ್ಲಿ ಒಂದು ಮನೆ ಅಂತ ತಿಳಿದುಕೊಳ್ಳಿ. ಅಜ್ಜಿ ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಾಳೆ. ಹರಿಹರದ ಸಂತೆಯಲ್ಲಿ ಸಿಕ್ಕವರ ಹೆಸರು ಥಟ್ಟನೆ ಹೊಳೆಯೋದಿಲ್ಲ, ಸಂಜೆಗೆ ನೆನಪಾಗುತ್ತದೆ. ಇದಕ್ಕೆ ಹೆದರಬೇಕಿಲ್ಲ. ಆದರೆ ಐವತ್ತು ವರ್ಷ ರೊಟ್ಟಿ ಬಡಿದವಳಿಗೆ ಹಿಟ್ಟಿಗೆ ಎಷ್ಟು ನೀರು ಅಂತ ತಿಳಿಯದೆ ಹೋದರೆ? ಉಂಡು ಕೈ ತೊಳೆದವಳು 'ನನಗೆ ಊಟಾನೇ ಹಾಕಿಲ್ಲ' ಅಂದರೆ? ದಿನಾ ಓಡಾಡುವ ದಾರಿಯಲ್ಲಿ ಮನೆ ಯಾವುದು ಅಂತ ಗೊತ್ತಾಗದೆ ನಿಂತುಬಿಟ್ಟರೆ? ಇದು ವಯಸ್ಸಿನ ದೋಷ ಅಲ್ಲ. ಇದು ಮರೆವಿನ ಕಾಯಿಲೆ ಇರಬಹುದು. ಡಾಕ್ಟರು ಇದಕ್ಕೆ ಡಿಮೆನ್ಷಿಯಾ ಅನ್ನುತ್ತಾರೆ. ಇದರಲ್ಲಿ ಹಲವು ಬಗೆ. ಹೆಚ್ಚಾಗಿ ಕಾಣೋದು ಆಲ್ಜೈಮರ್ ಎಂಬ ಬಗೆ.

ಆಲ್ಜೈಮರ್ ಅನ್ನೋದು ಜರ್ಮನಿಯ ಒಬ್ಬ ಡಾಕ್ಟರ ಹೆಸರು. ಅವರು 1906ರಲ್ಲಿ ಈ ಕಾಯಿಲೆಯನ್ನು ಮೊದಲ ಸಲ ವಿವರಿಸಿದರು. ಅವರು ನೋಡಿದ ರೋಗಿ ಐವತ್ತು ದಾಟಿದ ಒಬ್ಬ ಹೆಂಗಸು. ಆಕೆಯ ಕಾಯಿಲೆ ಮರೆವಿನಿಂದ ಶುರುವಾಗಲಿಲ್ಲ. ಗಂಡನ ಮೇಲೆ ಅನುಮಾನದಿಂದ ಶುರುವಾಯಿತು.

ಈ ಅನುಮಾನದ ವಿಷಯ ಸೊಸೆಯಂದಿರು ತಿಳಿಯಬೇಕು. ಯಾಕೆಂದರೆ ಏಟು ಬೀಳೋದು ಅವರ ಮೇಲೇ.

"ನನ್ನ ಬೋರಮಾಳ ಸರ ಕಾಣವಲ್ದು. ನೀನೇ ತಗಂಡೀಯ" ಅನ್ನುತ್ತಾಳೆ ಅತ್ತೆ. ಸರವನ್ನು ತಾನೇ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿರುತ್ತಾಳೆ. ಇಟ್ಟದ್ದು ಮರೆತಿರುತ್ತಾಳೆ. ಆಕೆ ಸುಳ್ಳು ಹೇಳುತ್ತಿಲ್ಲ. ಆಕೆಯ ಮಟ್ಟಿಗೆ ಸರ ನಿಜವಾಗಿ ಕಳುವಾಗಿದೆ. ಮನೆಯಲ್ಲಿ ಇರುವವಳು ಸೊಸೆ. ಹಾಗಾಗಿ ಸೊಸೆಯೇ ಕಳ್ಳಿ! ಸೊಸೆ ಊಟ ಹಾಕಲ್ಲ ಅಂತ ಓಣಿಯವರ ಮುಂದೆ ಹೇಳಿಕೊಂಡು ಬರುತ್ತಾಳೆ. ಓಣಿಯವರು ನಂಬುತ್ತಾರೆ. ಎಷ್ಟೋ ಮನೆಗಳಲ್ಲಿ ಕಾಯಿಲೆ ಗೊತ್ತಾಗೋ ಮುಂಚೆ ಮನೆ ಮುರಿದಿರುತ್ತದೆ.

ಆಗ ವಾದ ಮಾಡಿ ಗೆಲ್ಲಲು ಆಗೋದಿಲ್ಲ. "ಬರ್ರಿ ಅತ್ತೆ, ಇಬ್ರೂ ಸೇರಿ ಹುಡುಕಾಣ" ಅನ್ನಿ. ಹುಡುಕುತ್ತಾ ಹುಡುಕುತ್ತಾ ಸಿಟ್ಟು ಇಳಿಯುತ್ತದೆ. ಹೇಳೋದು ಸುಲಭ, ದಿನಾ ಮಾಡೋದು ಕಷ್ಟ, ನಿಜ. ಅದಕ್ಕೇ ಈ ಕೆಲಸ ಸೊಸೆ ಒಬ್ಬಳ ತಲೆಗೆ ಕಟ್ಟಬಾರದು. ಮಗ ಇದ್ದಾನೆ, ಮಗಳು ಇದ್ದಾಳೆ. ಅವರೂ ಬಂದು ಅಮ್ಮನ ಹತ್ತಿರ ಕೂರಲಿ.

ಇದು ಅಪರೂಪದ ಕಾಯಿಲೆ ಅಲ್ಲ. 2017ರಿಂದ 2020ರವರೆಗೆ ನಮ್ಮ ದೇಶದಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಅರವತ್ತು ದಾಟಿದ 100 ಜನರಲ್ಲಿ ಸುಮಾರು 7 ಜನಕ್ಕೆ ಈ ಕಾಯಿಲೆ ಕಂಡಿತು. ಹೆಂಗಸರಲ್ಲಿ ನೂರಕ್ಕೆ 9, ಗಂಡಸರಲ್ಲಿ ನೂರಕ್ಕೆ ಸುಮಾರು 6. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಶಾಲೆಗೆ ಹೋಗದವರಲ್ಲಿ ಹೆಚ್ಚು. ನಮ್ಮ ಅಜ್ಜಿಯರನ್ನು ಶಾಲೆಗೆ ಕಳಿಸಲಿಲ್ಲ. ಅದರ ಸಾಲವನ್ನು ಅವರು ಮುಪ್ಪಿನಲ್ಲಿ ತೀರಿಸುತ್ತಿದ್ದಾರೆ.

ಇಲ್ಲಿ ಇನ್ನೊಂದು ಮಾತು. ನೆನಪಿನ ಪರೀಕ್ಷೆಯಲ್ಲಿ 'ಇವತ್ತು ಎಷ್ಟನೇ ತಾರೀಖು? ಒಂದು ಸಾಲು ಬರೆಯಿರಿ' ಅಂತ ಕೇಳುವುದುಂಟು. ಓದು ಬಾರದ ಅಜ್ಜಿಗೆ ತಾರೀಖು ಯಾಕೆ ಬೇಕು? 'ನಾಳಿದ್ದು ಅಮಾಸೆ' ಅಂತ ಆಕೆ ಸರಿಯಾಗಿ ಹೇಳುತ್ತಾಳೆ. ಅಕ್ಷರ ಬಾರದ್ದು ಬೇರೆ, ಮರೆವು ಬೇರೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಓದು ಬಾರದವರಿಗಾಗಿಯೇ ಹಿಂದಿಯಲ್ಲಿ ಬೇರೆ ಪ್ರಶ್ನೆಗಳನ್ನು ತಯಾರಿಸಿದರು. ನಿಮ್ಮ ಅಜ್ಜಿ ಶಾಲೆಗೆ ಹೋಗಿಲ್ಲ ಅಂದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹೈದರಾಬಾದಿನಲ್ಲಿ ಈ ಕಾಯಿಲೆಯ 648 ರೋಗಿಗಳನ್ನು ಡಾಕ್ಟರುಗಳು ನೋಡಿದರು. 2013ರಲ್ಲಿ ಫಲಿತಾಂಶ ಬಂತು. ಎರಡು ಭಾಷೆ ಮಾತಾಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಓದು ಬಾರದವರಲ್ಲೂ ಹಾಗೇ. ದಾವಣಗೆರೆ ಕಡೆ ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ಮರಾಠಿ ಆಡಿ ಬೀದಿಯಲ್ಲಿ ಕನ್ನಡ ಆಡುವವರು ಎಷ್ಟು ಜನ ಇದ್ದಾರೆ! ಮಕ್ಕಳಿಗೆ ಮನೆಮಾತು ಬಿಡಿಸಬೇಡಿ.

ಮೆದುಳಿಗೆ ರಕ್ತ ಬೇಕು. ಬಿ.ಪಿ. ಹೆಚ್ಚಾದರೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ, ಮೆದುಳಿನ ಸಣ್ಣ ರಕ್ತನಾಳಗಳು ಕೆಡುತ್ತವೆ. ಹಾಗಾಗಿ ನಲವತ್ತು ದಾಟಿದವರು ಬಿ.ಪಿ., ಸಕ್ಕರೆ ನೋಡಿಸಬೇಕು. ಮಾತ್ರೆ ಕೊಟ್ಟರೆ ನಡುವೆ ಬಿಡಬಾರದು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಬೀಡಿ, ಹೆಂಡ ಬೇಡ. ಕಿವಿ ಮಂದವಾದರೆ ಮಾತು ನಿಲ್ಲುತ್ತದೆ, ಮಾತು ನಿಂತರೆ ಮೆದುಳಿಗೂ ಕೆಲಸ ಇಲ್ಲ. ಕಿವಿ ತೋರಿಸಿ. ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಸಿ. ಇಂಥ ಕಾರಣಗಳನ್ನೆಲ್ಲಾ ತಡೆದರೆ ನೂರರಲ್ಲಿ 45 ಜನರಿಗೆ ಕಾಯಿಲೆ ಬಾರದಂತೆ, ಇಲ್ಲವೇ ತಡವಾಗುವಂತೆ ಮಾಡಬಹುದು ಅಂತ 2024ರಲ್ಲಿ ಲೋಕದ ತಜ್ಞರು ಲೆಕ್ಕ ಹಾಕಿದ್ದಾರೆ. ಆ ಕಾರಣಗಳಲ್ಲಿ ಚಿಕ್ಕಂದಿನಲ್ಲಿ ಶಾಲೆ ತಪ್ಪಿದ್ದೂ ಒಂದು.

ಬಂದ ಆಲ್ಜೈಮರ್ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಆದರೆ ಕೆಲವರ ಮರೆವಿಗೆ ಕಾರಣ ಬೇರೆ ಇರುತ್ತದೆ. ಥೈರಾಯ್ಡ್ ತೊಂದರೆ, ಬಿ-12 ಎಂಬ ಜೀವಸತ್ವದ ಕೊರತೆ, ಮನಸ್ಸಿನ ಕೊರಗು, ನಿದ್ದೆ ಮಾತ್ರೆ. ಇವಕ್ಕೆ ಚಿಕಿತ್ಸೆ ಇದೆ. ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿ ಕೂತರೆ ಈ ಚಿಕಿತ್ಸೆ ತಪ್ಪಿಹೋಗುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದವರು ಇವತ್ತು ಏಕಾಏಕಿ ಏನೇನೋ ಮಾತಾಡಿದರೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಮೊದಲು ಆಶಾ ಅಕ್ಕನಿಗೆ ಹೇಳಿ. ಹರಿಹರದ ತಾಲ್ಲೂಕು ಆಸ್ಪತ್ರೆಗೆ, ಇಲ್ಲವೇ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಿರಿಯರ ಸಹಾಯವಾಣಿ 14567. ಹೋಗುವ ಮುಂಚೆ ಒಂದು ಚೀಟಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಮರೆವು ಯಾವಾಗ ಶುರುವಾಯಿತು, ಏನೇನು ಮರೆಯುತ್ತಾರೆ, ಬಿದ್ದು ತಲೆಗೆ ಪೆಟ್ಟಾಗಿತ್ತೇ, ಯಾವ ಮಾತ್ರೆ ನುಂಗುತ್ತಾರೆ, ಬರೆದುಕೊಳ್ಳಿ. ಮಾತ್ರೆಯ ಖಾಲಿ ಹಾಳೆಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ.