ಬಯಲಿನ ಚಹಾ ಮತ್ತು ಬುತ್ತಿಯ ಕಡಲೆಮಿಠಾಯಿ

ಚೀನಾ ದೇಶವನ್ನು ಟಾಂಗ್ ವಂಶದ ಅರಸರು ಆಳುತ್ತಿದ್ದ ಕಾಲದಲ್ಲಿ, ಎಂದರೆ ಕ್ರಿಸ್ತಶಕ 8ನೆಯ ಶತಮಾನದಲ್ಲಿ, ಲು ಯು ಎಂಬ ವಿದ್ವಾಂಸನು ಚಹಾವನ್ನು ಕುರಿತು ಒಂದು ಶಾಸ್ತ್ರಗ್ರಂಥವನ್ನು ರಚಿಸಿದನು. ನೀರಿನ ತಾರತಮ್ಯದಿಂದ ಹಿಡಿದು ಬಟ್ಟಲಿನ ಬಣ್ಣದವರೆಗೆ ಸಕಲವನ್ನೂ ವಿಚಾರಿಸುವ ಆ ಗ್ರಂಥವು 24 ಉಪಕರಣಗಳನ್ನು ವಿಧಿಸುತ್ತದೆ. ಪಟ್ಟಣದ ಶ್ರೀಮಂತರ ಮನೆಯಲ್ಲಿ ಅವುಗಳಲ್ಲೊಂದು ಕಡಿಮೆಯಾದರೂ ಚಹಾ ಕೆಟ್ಟಿತೆಂದೇ ಗ್ರಂಥಕರ್ತನ ಮತ. ಆದರೆ ಅದೇ ಕಠೋರ ಶಾಸ್ತ್ರಕಾರನು ಒಂಬತ್ತನೆಯ ಅಧ್ಯಾಯದಲ್ಲಿ ಪೈನ್ ಮರಗಳ ನಡುವಣ ಬಂಡೆಯ ಮೇಲೆ ಕುಳಿತು ಚಹಾ ಕಾಯಿಸುವವನನ್ನು ನೆನೆದು ಮೃದುವಾಗುತ್ತಾನೆ: ಬಂಡೆಯಿದ್ದಲ್ಲಿ ಪಾತ್ರೆಗಳನ್ನಿಡುವ ಹಲಗೆ ಬೇಡ, ಒಣ ಸೌದೆ ದೊರೆತಲ್ಲಿ ಅಗ್ಗಿಷ್ಟಿಕೆ ಬೇಡ, ಚಿಲುಮೆಯೋ ತೊರೆಯೋ ಸಮೀಪದಲ್ಲಿದ್ದರೆ ನೀರಿನ ಪಾತ್ರೆಯೂ ಬೇಡವೆಂದು ಒಂದೊಂದಾಗಿ ಬಿಡುತ್ತ ಹೋಗುತ್ತಾನೆ. ಜಪಾನಿನ ಕ್ಯೋಟೋ ನಗರದ ಕಿಟಾನೋ ದೇವಾಲಯದ ತೋಪಿನಲ್ಲಿ 1587ರಲ್ಲಿ ಹಿಡೆಯೋಷಿ ಎಂಬ ದೊರೆಯು ಮಹಾ ಚಹಾಕೂಟವನ್ನು ನಡೆಸಿದಾಗ ವರ್ತಕರನ್ನೂ ರೈತರನ್ನೂ ಆಹ್ವಾನಿಸಿದನಲ್ಲದೆ, ಚಹಾಕ್ಕೆ ಗತಿಯಿಲ್ಲದವರು ಹುರಿದ ಧಾನ್ಯದ ಹಿಟ್ಟನ್ನು ತಂದರೂ ಸಾಕೆಂದು ಸಾರಿಸಿದನು. ನಮ್ಮ ಹುರಿಹಿಟ್ಟಿಗೂ ಅದಕ್ಕೂ ಎಷ್ಟು ಸಮೀಪದ ನಂಟು!

ಹೀಗೆ ಬಯಲಿನ ಚಹಾ ಎಂಬುದು ಮೂಲತಃ ಬಿಟ್ಟುಹೋಗುವ ವಿದ್ಯೆ. ಮೇಜು, ಪಿಂಗಾಣಿ, ತಟ್ಟೆಗಳ ಸಾಲು, ಇವೆಲ್ಲವನ್ನೂ ಮನೆಯಲ್ಲೇ ಬಿಡಬಹುದು. ನನ್ನ ದೃಷ್ಟಿಯಲ್ಲಿ ಬಿಡಲಾಗದ್ದು ಒಂದೇ: ಮನೆಯ ಒಲೆಯ ಮೇಲೆ ಪಾಕವಾಗಿ, ಮನೆಯವರ ಕೈಯಿಂದ ತುಂಡಾಗಿ ಬಂದ ತಿನಿಸು. ಅಂಗಡಿಯ ಥಳಥಳಿಸುವ ಪೊಟ್ಟಣವನ್ನು ಎಲ್ಲಿ ಬೇಕಾದರೂ ಹರಿಯಬಹುದು. ಹಿಂದಿನ ದಿನವೇ ಬುತ್ತಿಗೆಂದು ಸಿದ್ಧಪಡಿಸಿದ ತಿನಿಸಾದರೋ, ಹೊರಡುವ ಸಂಭ್ರಮವನ್ನು ಒಂದು ದಿನ ಮುಂಚಿತವಾಗಿಯೇ ಮನೆಗೆ ಕರೆತರುತ್ತದೆ.

ನಮ್ಮ ನಾಡಿಗೆ ಚಹಾ ಈಚಿನದು, ಆದರೆ ಮರದ ನೆರಳಿನಲ್ಲಿ ಕೂಡಿ ಉಣ್ಣುವ ಸಂತೋಷ ಬಹು ಪ್ರಾಚೀನವಾದುದು. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದಡಿ ನಡೆಯುವ ವನಭೋಜನವನ್ನು ಅರಿಯದವರಾರು? ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಸನ್ನಿಧಿಯ ಕಡಲೆಕಾಯಿ ಪರಿಷೆ ನೆರೆಯುವುದೂ ಅದೇ ಕಾರ್ತಿಕದ ಕಡೆಯ ಸೋಮವಾರದಂದು. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ಆ ವೇಳೆಗೆ ಒಣಗಿ ಪೇಟೆಗೆ ಬಂದಿರುತ್ತದೆ, ಆಲೆಮನೆಗಳಿಂದ ಹೊಸ ಬೆಲ್ಲ ಬರುತ್ತಿರುತ್ತದೆ, ಮಳೆ ಹಿಂದೆ ಸರಿದು ಆಕಾಶ ನಿರ್ಮಲವಾಗಿರುತ್ತದೆ. ಕಡಲೆಮಿಠಾಯಿಯನ್ನು ಮಾಡುವುದಕ್ಕೂ ಅದನ್ನು ಹಿಡಿದು ಬಯಲಿಗೆ ಹೋಗುವುದಕ್ಕೂ ಇದಕ್ಕಿಂತ ಪ್ರಶಸ್ತವಾದ ಕಾಲ ಬೇರಿಲ್ಲ.

ಮಾಡುವ ಕ್ರಮ ಸರಳವಾದರೂ ಗಮನವನ್ನು ಬೇಡುವಂಥದು. ಬೀಜವನ್ನು ಸಣ್ಣ ಉರಿಯಲ್ಲಿ, ಹೊಟ್ಟು ತಾನಾಗಿ ಬಿಡುವವರೆಗೆ ಹುರಿದು, ಆರಿದ ಮೇಲೆ ಅಂಗೈಗಳ ನಡುವೆ ಉಜ್ಜಿ, ಮೊರದಲ್ಲಿ ಕೇರಿ, ಬೇಳೆಯಾಗಿ ಒಡೆದಿಟ್ಟುಕೊಳ್ಳಬೇಕು. ಎರಡು ಬಟ್ಟಲು ಬೀಜಕ್ಕೆ ಒಂದೂಕಾಲು ಬಟ್ಟಲು ಕುಟ್ಟಿದ ಬೆಲ್ಲ ಸಾಕು. ಬೆಲ್ಲವನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ, ಕಲ್ಲುಮಣ್ಣು ಹೋಗುವಂತೆ ಶೋಧಿಸಿ, ದಪ್ಪ ತಳದ ಬಾಣಲೆಯಲ್ಲಿ ಮತ್ತೆ ಒಲೆಗೇರಿಸಿದ ಮೇಲೆ ಅಲ್ಲಿಂದ ಕದಲಕೂಡದು. ಮೊದಲು ದೊಡ್ಡ ಗುಳ್ಳೆಗಳೆದ್ದು ನೊರೆಯುಕ್ಕುತ್ತದೆ. ನೀರಿನ ಅಂಶ ಆವಿಯಾದಂತೆಲ್ಲ ಪಾಕದ ಉಷ್ಣತೆ 100 ಡಿಗ್ರಿಯನ್ನು ದಾಟಿ ಮೇಲೇರುತ್ತ, ಗುಳ್ಳೆಗಳು ಕಿರಿದಾಗುತ್ತ, ಬಣ್ಣ ಗಾಢವಾಗುತ್ತ ಬರುತ್ತದೆ. ಆಗ ಬಟ್ಟಲಿನ ತಣ್ಣೀರಿಗೆ ಒಂದು ಹನಿಯನ್ನು ಬಿಟ್ಟು ನೋಡಬೇಕು. ಬೆರಳಿನಲ್ಲಿ ಉರುಟಾಗಿ ಮೆತ್ತಗೆ ಕೂಡಿಕೊಂಡರೆ ಅದು ಉಂಡೆಪಾಕ. ಮುರಿದಾಗ ಟಕ್ಕೆಂದು ಸದ್ದಾದರೆ ಮಿಠಾಯಿಯ ಪಾಕ. ಸಕ್ಕರೆಯ ಪಾಕ ಈ ಹಂತಕ್ಕೆ ಬರುವುದು 150 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಇವೆರಡರ ನಡುವಣ ಅಂತರವನ್ನು ದಾಟಲು ಕೆಲವು ನಿಮಿಷಗಳು ಸಾಕು. ಅನಂತರ ಮತ್ತಷ್ಟು ತಡಮಾಡಿದರೆ ಪಾಕ ಸೀದು ಕಹಿಯಾಗುತ್ತದೆ. ಹದ ಬಂದೊಡನೆ ಬೀಜವನ್ನು ಸುರಿದು, ಕಲಸಿ, ತುಪ್ಪ ಸವರಿದ ಮಣೆಯ ಮೇಲೆ ಹರವಿ, ತುಪ್ಪ ಸವರಿದ ಲಟ್ಟಣಿಗೆಯಿಂದಲೇ ಒತ್ತಿ, ಬಿಸಿಯಿರುವಾಗಲೇ ಚಾಕುವಿನಿಂದ ಉದ್ದುದ್ದನೆಯ ಪಟ್ಟಿಗಳಾಗಿ ಗೆರೆಯೆಳೆಯತಕ್ಕದ್ದು. ಆರಿದ ಮೇಲೆ ಗೆರೆಯ ಗುಂಟ ತಾನೇ ಬಿಡಿಸಿಕೊಳ್ಳುತ್ತದೆ.

ಬೆಲ್ಲದಲ್ಲಿ ಸಕ್ಕರೆಯೊಡನೆ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಇರುವ ಕಾರಣ ಅದು ಗಾಳಿಯ ತೇವವನ್ನು ಬೇಗನೆ ಹೀರುತ್ತದೆ. ಆಷಾಢದಲ್ಲಿ ಗರಿಗರಿಯಾಗಿ ಮಾಡಿದ ಮಿಠಾಯಿ ಸಂಜೆಯೊಳಗೆ ಅಂಟುವುದೂ, ಮಾರ್ಗಶಿರದ ಒಣಹವೆಯಲ್ಲಿ ಅದೇ ಮಿಠಾಯಿ ದಿನಗಟ್ಟಲೆ ಗಟ್ಟಿಯಾಗಿ ನಿಲ್ಲುವುದೂ ಇದರಿಂದಲೇ. ಹೇಗಿದ್ದರೂ ಪೂರ್ತಿ ಆರುವ ಮುನ್ನ ಡಬ್ಬಿಗೆ ಹಾಕಿ ಮುಚ್ಚಬಾರದು.

ಇನ್ನು ಚಹಾದ ಮಾತು. ಫ್ಲಾಸ್ಕಿನ ಮೂಲವಾದ ನಿರ್ವಾತ ಪಾತ್ರೆಯನ್ನು 1892ರಲ್ಲಿ ನಿರ್ಮಿಸಿದ ಜೇಮ್ಸ್ ಡ್ಯೂಅರ್ ಎಂಬ ವಿಜ್ಞಾನಿಗೆ ಬೇಕಾಗಿದ್ದುದು ಬಿಸಿಯನ್ನು ಕಾಯುವ ಪಾತ್ರೆಯಲ್ಲ, ದ್ರವೀಕರಿಸಿದ ಅನಿಲಗಳ ಅತಿಶೈತ್ಯವನ್ನು ಕಾಯುವ ಪಾತ್ರೆ. ಎರಡು ಗೋಡೆಗಳ ನಡುವೆ ಗಾಳಿಯನ್ನೇ ತೆಗೆದುಬಿಟ್ಟರೆ ಶಾಖ ಒಳಗೂ ಹೊರಗೂ ಸುಲಭವಾಗಿ ಹಾಯಲಾರದು. ಹಾಲು ಬೆರೆತ ಚಹಾ ಫ್ಲಾಸ್ಕಿನಲ್ಲಿ ಹೆಚ್ಚು ಹೊತ್ತು ಕುಳಿತರೆ ರುಚಿಗೆಡುತ್ತದೆಯಾಗಿ, ಕುದಿನೀರನ್ನು ಒಂದರಲ್ಲಿ, ಕಾಯಿಸಿದ ಹಾಲನ್ನು ಇನ್ನೊಂದರಲ್ಲಿ ಒಯ್ದು, ಕುಳಿತ ಜಾಗದಲ್ಲೇ ಸೊಪ್ಪಿಗೆ ಬಿಸಿನೀರೆರೆಯುವುದು ಲೇಸು. ಲು ಯುವಿನ ಸೌದೆಯ ಒಲೆಯನ್ನು ಮಾತ್ರ ನಮ್ಮ ಕಾಡುಗಳಲ್ಲಿ ಹೂಡಲೇಬಾರದು. ಮಾಘ ಕಳೆದು ಹುಲ್ಲು ಒಣಗಿದ ಮೇಲೆ ಒಂದು ಕಿಡಿಗೆ ಇಡೀ ಗುಡ್ಡವೇ ಆಹುತಿಯಾಗುತ್ತದೆ.

ಮಿಠಾಯಿಯ ಜೊತೆಗೆ ಕುಡಿಯುವ ಚಹಾಕ್ಕೆ ಸಕ್ಕರೆ ಬೇಡ. ಕಡಲೆಬೀಜದ ತೂಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಎರಡು ತುಂಡು ತಿನ್ನುವಷ್ಟರಲ್ಲಿ ನಾಲಿಗೆ ಜಿಡ್ಡಾಗುತ್ತದೆ. ಚಹಾದ ಒಗರು ಆ ಜಿಡ್ಡನ್ನು ತೊಳೆದು ಮೂರನೆಯ ತುಂಡಿಗೆ ಬಾಯನ್ನು ಅಣಿಗೊಳಿಸುತ್ತದೆ. ಹಾಲಿಲ್ಲದ ಚಹಾದಲ್ಲಿ ಈ ಗುಣ ಇನ್ನೂ ಸ್ಪಷ್ಟ. ನೀಲಗಿರಿಯ ತೆಳುಬಣ್ಣದ, ಸುವಾಸನೆಯ ಚಹಾ ಇದಕ್ಕೆ ನನಗೆ ಅತ್ಯಂತ ಪ್ರಿಯ. ಅಸ್ಸಾಮಿನ ಕಡುಚಹಾ ಬೆಲ್ಲದ ಪರಿಮಳವನ್ನು ಹಿಂದಕ್ಕೆ ತಳ್ಳಿಬಿಡುತ್ತದೆಂದು ನನ್ನ ಅಭಿಪ್ರಾಯ.

ಸಂಗಡ ಬರುವವರಲ್ಲಿ ಹಲ್ಲು ಸಡಿಲವಾದ ಹಿರಿಯರಿದ್ದರೆ ಅವರ ಪಾಲನ್ನು ಪ್ರತ್ಯೇಕವಾಗಿ ಮಾಡಿಕೊಳ್ಳತಕ್ಕದ್ದು. ಉಂಡೆಪಾಕದ ಹಂತದಲ್ಲೇ ಬಾಣಲೆಯನ್ನು ಇಳಿಸಿ, ಹುರಿದ ಎಳ್ಳು, ಕೊಬ್ಬರಿ ತುರಿ, ತರಿತರಿಯಾಗಿ ಕುಟ್ಟಿದ ಹುರಿಗಡಲೆ, ಚಿಟಿಕೆ ಏಲಕ್ಕಿ ಪುಡಿಗಳನ್ನು ಬೆರೆಸಿ ತಟ್ಟಿದರೆ ಮೆತ್ತನೆಯ ಪಟ್ಟಿಗಳಾಗುತ್ತವೆ. ಬಿಸಿ ಚಹಾದಲ್ಲಿ ಅದ್ದಿಕೊಂಡರಂತೂ ಅಗಿಯುವ ಶ್ರಮವೇ ಇಲ್ಲ.