ಒರೆಸಿ ಬರೆಯುವ ಕಪ್ಪು ಪುಸ್ತಕ

ಮಾಡಬೇಕಾದ ಕೆಲಸ ಬರೆದಿಡಲು ಫೋನಿನಲ್ಲೊಂದು ಆ್ಯಪ್, ಅದನ್ನು ನೆನಪಿಸಲು ಇನ್ನೊಂದು, ಎರಡನ್ನೂ ಹೊಂದಿಸಲು ಮತ್ತೊಂದು. ಕೆಲಸಕ್ಕಿಂತ ಅದರ ಪಟ್ಟಿಯನ್ನು ಸಾಕುವುದೇ ದೊಡ್ಡ ಕೆಲಸವಾಗಿದೆ. ಹಂಪಿಯಲ್ಲಿ ಕೂತು ಸಾಮ್ರಾಜ್ಯ ನಡೆಸಿದವರ ದಫ್ತರದಲ್ಲಿ ಏನಿತ್ತು ಎಂದು ಹುಡುಕಿದರೆ ಸಿಗುವ ಸಾಮಾನು ಬಹಳ ಕಡಿಮೆ.

1443ರಲ್ಲಿ ತೈಮೂರನ ಮಗ ಶಾರುಖನ ರಾಯಭಾರಿಯಾಗಿ ಹಂಪಿಯ ಅರಸ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕ್ ಆ ದಫ್ತರವನ್ನು ಕಣ್ಣಾರೆ ಕಂಡಿದ್ದ. ಅರಮನೆಯ ಬಲಕ್ಕೆ ಕಂಬಗಳ ದೊಡ್ಡ ಚಾವಡಿ. ಅದರ ಮುಂದೆ ಆಳೆತ್ತರಕ್ಕೂ ಮಿಗಿಲಾದ ಜಗಲಿ, 30 ಗಜ ಉದ್ದ, 6 ಗಜ ಅಗಲ. ಲೆಕ್ಕಪತ್ರಗಳೂ ಬರೆಯುವವರೂ ಅಲ್ಲೇ. ಇಲ್ಲಿಯವರ ಬರವಣಿಗೆ ಎರಡು ಬಗೆ ಎನ್ನುತ್ತಾನೆ ಅವನು. ಒಂದು, ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವುದು. ಇನ್ನೊಂದು, ಬಿಳಿಯ ಮೈಗೆ ಕಪ್ಪು ಬಳಿದು ಲೇಖನಿಯ ಹಾಗೆ ಕೆತ್ತಿದ ಮೆದುಗಲ್ಲಿನಿಂದ ಬರೆಯುವುದು. ಎರಡನೆಯದೇ ಹೆಚ್ಚು ಬಾಳುತ್ತದೆ, ಅದಕ್ಕೇ ಬೆಲೆ ಹೆಚ್ಚು ಎಂದೂ ಸೇರಿಸಿದ್ದಾನೆ.

ಆ ಕಪ್ಪು ಬರವಣಿಗೆ ಕಡತವಲ್ಲದೆ ಬೇರೇನಿರಲಾರದು. ಇಂದಿನ ಕಚೇರಿ ಫೈಲಲ್ಲ, ಹಳೆಯ ಬಟ್ಟೆಯ ಕಡತ. ಹತ್ತಿ ಬಟ್ಟೆಯ ಎರಡೂ ಮೈಗೆ ಹುಣಸೆಬೀಜದ ಸರಿಯಲ್ಲಿ ಕಲಸಿದ ಇದ್ದಿಲ ಪುಡಿ ಬಳಿದು ಒಣಗಿಸುವುದು, ಹಿಂದೆ ಮುಂದೆ ಮಡಿಚಿ ಪುಸ್ತಕವಾಗಿಸುವುದು, ತುದಿಗಳಿಗೆ ಮರದ ಹಲಗೆ ಕೊಡುವುದು. ಬರೆಯಲು ಬಳಪ, ಅಳಿಸಲು ಬಟ್ಟೆಯ ಚೂರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಅಂದರೆ 1565ರಲ್ಲಿ ರಾಜಧಾನಿ ಹಂಪಿ ಹಾಳಾದ ಸುಮಾರು ಎರಡೂವರೆ ಶತಮಾನದ ಮೇಲೂ ವ್ಯಾಪಾರಿಗಳ, ಅಂಗಡಿಯವರ ಕೈಯಲ್ಲಿ ಕಡತ ಆಡುತ್ತಲೇ ಇತ್ತು. ಶೃಂಗೇರಿ ಮಠದ ವ್ಯವಹಾರಗಳ ಕಡತಗಳು ಇಂದಿಗೂ ಉಳಿದಿವೆ.

ಒರೆಸಿದರೆ ಹೋಗುತ್ತದೆ, ಒರೆಸದಿದ್ದರೆ ತಲೆಮಾರು ಕಳೆದರೂ ಇರುತ್ತದೆ. ನನಗೆ ಇದರ ಜಾಣತನ ಕಾಣುವುದು ಇಲ್ಲಿಯೇ. ಹದಿನೆಂಟು ಅಡಿ ತುಂಬಿದ ಮೇಲೆ ಹೊಸದನ್ನು ಬರೆಯಬೇಕಾದರೆ ಹಳೆಯದರಲ್ಲಿ ಯಾವುದು ತೀರಿದೆ ಎಂದು ನೋಡಲೇಬೇಕು. ತೀರಿದ ಬಾಕಿ, ಮುಗಿದ ಕೆಲಸ ಜಾಗ ಬಿಡುತ್ತವೆ. ಫೋನಿಗೆ ಈ ಇಕ್ಕಟ್ಟಿಲ್ಲ. ಮೂರು ವರ್ಷದ ಹಿಂದಿನ ‘ನಾಳೆ ಮಾಡಬೇಕು’ ಅದರಲ್ಲಿ ಇನ್ನೂ ಜೀವಂತ.

ಎಲ್ಲವನ್ನೂ ಬರೆದಿಡುವ ಹಟವೂ ಹಂಪಿಯವರಿಗಿರಲಿಲ್ಲ. 1535ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಪ್ರಕಾರ, ಅರಸ ಬರಹದಲ್ಲಿ ಅಪ್ಪಣೆ ಕೊಡುತ್ತಿರಲಿಲ್ಲ. ಅವನು ಆಡಿದ್ದನ್ನು ಲಿಪಿಕಾರರಾದ ರಾಯಸದವರು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವರು, ಅನುಗ್ರಹ ಪಡೆದವನ ಕೈಗೆ ಅರಗಿನ ಮೇಲೊತ್ತಿದ ಉಂಗುರದ ಮುದ್ರೆ ಸಿಗುವುದು, ಅಷ್ಟೆ. ಎಂದೆಂದಿಗೂ ಇರಬೇಕಾದದ್ದಕ್ಕೆ ಮಾತ್ರ ಕಲ್ಲು, ತಾಮ್ರ. ವಿರೂಪಾಕ್ಷ ದೇಗುಲದಲ್ಲಿ ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಕಾಲಕ್ಕೆ ರಂಗಮಂಟಪ ಕಟ್ಟಿಸಿದ ಸಂಗತಿ ಶಾಸನದಲ್ಲಿದೆ. ಆ ದಿನ ಎಷ್ಟು ಕೂಲಿ ಬಟವಾಡೆಯಾಯಿತೆಂದು ಯಾರೂ ಕಲ್ಲಲ್ಲಿ ಕೊರೆಯಲಿಲ್ಲ.

ಆ ಚಾವಡಿಯಲ್ಲಿ ಆಡಳಿತ ನೋಡುತ್ತಿದ್ದ ದಣ್ಣಾಯಕನ ದಿನಚರಿಯೂ ಹೀಗೇ ನೇರ. ಚಾವಡಿಯಲ್ಲಿ ಕೂತು ಬಂದ ಅಹವಾಲುಗಳನ್ನು ತೀರ್ಮಾನಿಸಿ, ಎದ್ದು ಅರಸನ ಬಳಿಗೆ ಹೊರಡುತ್ತಿದ್ದ. ದಾರಿಯಲ್ಲಿ ಏಳು ಬಾಗಿಲು. ಒಂದೊಂದರಲ್ಲೂ ಅವನ ಜೊತೆಗೆ ಬಂದ ಛತ್ರಿಗಳಲ್ಲಿ ಒಂದೊಂದು ಹಿಂದುಳಿದು, ಏಳನೆಯದನ್ನು ಅವನೊಬ್ಬನೇ ದಾಟಿ ರಾಜ್ಯದ ವರದಿ ಒಪ್ಪಿಸುತ್ತಿದ್ದ ಎನ್ನುತ್ತಾನೆ ರಜಾಕ್. ಇಂದಿನ ಮೀಟಿಂಗುಗಳಲ್ಲಿ ಛತ್ರಿಗಳೆಲ್ಲ ಒಳಗೇ ಬರುತ್ತವೆ!

ಕಾಗದ ಅಗ್ಗವಾದ ಮೇಲೆ ಕಡತ ಅಂಗಡಿಯಿಂದ ಅಟ್ಟ ಸೇರಿತು. ಹೊಸಪೇಟೆ, ಕಂಪ್ಲಿ, ಸಂಡೂರಿನ ಹಳೆಯ ಮನೆಗಳಲ್ಲಿ, ಶಾನುಭೋಗರ ಪೆಟ್ಟಿಗೆಗಳಲ್ಲಿ ಕಪ್ಪು ಬಟ್ಟೆಯ ಮಡಿಕೆ ಕಣ್ಣಿಗೆ ಬಿದ್ದರೆ ಧೂಳೆಂದು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ. ಮೊದಲು ಅಲ್ಲಿಯವರಿಗೆ ತೋರಿಸಿ.