ಛಾವಣಿಯ ಮೇಲಿನ ಸೌರಫಲಕ: ನಮ್ಮ ಕೈಯಿಂದ ಆಗುವುದೆಷ್ಟು?

ಸೌರಫಲಕ, ಬ್ಯಾಟರಿಗಳನ್ನು ತಂದು ಮನೆಗೆ ನಾವೇ ಜೋಡಿಸಿಕೊಳ್ಳಬಹುದೇ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಸದಸ್ಯ ಬಾಂಧವರಲ್ಲಿ ಅನೇಕರು ಈಚೆಗೆ ಕೇಳುತ್ತಿರುವ ಪ್ರಶ್ನೆ ಇದು. ಜೋಡಿಸಿಕೊಳ್ಳಬಹುದು, ಆದರೆ ಎಲ್ಲವನ್ನೂ ಅಲ್ಲ. ನಮ್ಮ ಕೆಲಸ ಎಲ್ಲಿಗೆ ಮುಗಿಯುತ್ತದೆ, ಲೈಸೆನ್ಸುದಾರರ ಕೆಲಸ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಸೌರದೀಪ ನಮ್ಮ ಭಾಗಕ್ಕೆ ಹೊಸದೇನಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಬ್ಯಾಂಕುಗಳ ಸಾಲದ ನೆರವಿನಿಂದ ಹಳ್ಳಿಯ ಮನೆಗಳಿಗೆ ದೀಪ ಮುಟ್ಟಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಎರಡು ಪದ್ಧತಿಗಳು

ಮೊದಲನೆಯದು ಹೆಸ್ಕಾಂ ಲೈನಿಗೆ ಕೂಡಿಸುವ ಪದ್ಧತಿ. 2024ರ ಫೆಬ್ರವರಿಯಲ್ಲಿ ಮಂಜೂರಾದ ಪಿ.ಎಂ. ಸೂರ್ಯ ಘರ್ ಯೋಜನೆಯ ಸಹಾಯಧನ ಇದಕ್ಕೆ ಸಲ್ಲುತ್ತದೆ: 1 ಕಿಲೋವ್ಯಾಟಿಗೆ ರೂ. 30,000, ಎರಡಕ್ಕೆ ರೂ. 60,000, ಮೂರು ಮತ್ತು ಅದಕ್ಕೆ ಮೇಲ್ಪಟ್ಟರೆ ರೂ. 78,000. ನೋಂದಾಯಿತ ಮಾರಾಟಗಾರರೇ ಕೂಡಿಸಬೇಕು. ಸ್ವಂತವಾಗಿ ಕೂಡಿಸಿದರೆ ಸಹಾಯಧನವಿಲ್ಲ. ಇನ್ನೊಂದು ಮಾತು: ಬ್ಯಾಟರಿಯಿಲ್ಲದ ಈ ವ್ಯವಸ್ಥೆ, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ನ ರಕ್ಷಣೆಗಾಗಿ ಹಾಗೆ ಮಾಡಲಾಗಿದೆ. ಫಲಕ ಹಾಕಿಸಿಯೂ ಕತ್ತಲಲ್ಲಿ ಕೂತೆವೆಂದು ಬೇಸರಪಡುವವರು ಇದನ್ನು ಮೊದಲೇ ತಿಳಿದಿರಬೇಕು.

ಎರಡನೆಯದು ಲೈನಿನ ಸಂಬಂಧವಿಲ್ಲದೆ ಬ್ಯಾಟರಿಯ ಮೇಲೆ ನಡೆಯುವುದು. 2023ರ ಜುಲೈಯಲ್ಲಿ ಗೃಹಜ್ಯೋತಿ ಬಂದ ಮೇಲೆ, ಅದರ ಮಿತಿಯೊಳಗೆ ಬಳಸುವ ಮನೆಗೆ ಇದರಿಂದ ಬಿಲ್ಲಿನ ಉಳಿತಾಯ ಹೇಳಿಕೊಳ್ಳುವಂಥದ್ದಲ್ಲ. ರಾತ್ರಿ ಕರೆಂಟು ಹೋದಾಗ ದೀಪ, ಫ್ಯಾನು ನಿಲ್ಲದಿರುವುದೇ ಇದರ ಲಾಭ. ಆ ಲಾಭಕ್ಕೆ ಎಷ್ಟು ಖರ್ಚು ಮಾಡಬಹುದೆಂದು ಪ್ರತಿಯೊಬ್ಬರೂ ಲೆಕ್ಕ ಹಾಕಬೇಕು.

ಲೆಕ್ಕ ಮೊದಲು, ಖರೀದಿ ಆಮೇಲೆ

9 ವ್ಯಾಟಿನ 5 ದೀಪಗಳು 5 ಗಂಟೆ, 30 ವ್ಯಾಟಿನ 2 ಫ್ಯಾನುಗಳು 8 ಗಂಟೆ, 60 ವ್ಯಾಟಿನ ಟಿ.ವಿ. 3 ಗಂಟೆ ನಡೆದರೆ ದಿನಕ್ಕೆ ಸುಮಾರು 0.9 ಯೂನಿಟ್ ಬೇಕು. ಹಳೆಯ 75 ವ್ಯಾಟಿನ ಫ್ಯಾನುಗಳಾದರೆ ಅವೆರಡೇ 1.2 ಯೂನಿಟ್ ನುಂಗುತ್ತವೆ. ಆದುದರಿಂದ ಫಲಕ ಹೆಚ್ಚಿಸುವ ಮೊದಲು ಫ್ಯಾನು ಬದಲಿಸುವುದು ಜಾಣತನ.

ನಮ್ಮ ಕಡೆ 1 ಕಿಲೋವ್ಯಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮುಂಗಾರಿನ ಮೋಡದಲ್ಲಿ ಅರ್ಧಕ್ಕೂ ಇಳಿಯುತ್ತದೆ. 330 ವ್ಯಾಟಿನ ಎರಡು ಫಲಕಗಳಿದ್ದರೆ ಮೇಲಿನ ಮನೆಗೆ ಸಾಕು. 12 ವೋಲ್ಟಿನ, 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳಲ್ಲಿ 3.6 ಯೂನಿಟ್ ಹಿಡಿಯುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ; ಹೀಗಾಗಿ ಕೈಗೆ ಸಿಗುವುದು 1.8 ಯೂನಿಟ್, ಅಂದರೆ ಎರಡು ದಿನದ ಖರ್ಚು. ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಶೇಕಡಾ 80ರವರೆಗೆ ಬಳಸಬಹುದು.

ನಾವೇ ಮಾಡಬಹುದಾದದ್ದು

ಫಲಕ ದಕ್ಷಿಣಕ್ಕೆ ಮುಖವಾಗಿ, ಸುಮಾರು 15 ಡಿಗ್ರಿ ಓರೆಯಾಗಿರಲಿ. ಹಂಚಿನ ಮನೆಯಲ್ಲಿ ಚೌಕಟ್ಟನ್ನು ಹಂಚಿಗಲ್ಲ, ಕೆಳಗಿನ ತೊಲೆಗೆ ಬಿಗಿಯಬೇಕು. ತೋಟದ ಮನೆಗೆ ನೆರಳೇ ಶತ್ರು: 40 ಅಡಿ ಎತ್ತರದ ಅಡಕೆ ಮರದ ನೆರಳು ಡಿಸೆಂಬರಿನ ನಡುಹಗಲಲ್ಲೂ ನೆಲದ ಮೇಲೆ ಸುಮಾರು 31 ಅಡಿ ಚಾಚುತ್ತದೆ. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪತ್ತಿ ಬಹಳಷ್ಟು ಇಳಿಯುತ್ತದೆ. ಅಡಕೆ ಬೇಯಿಸುವ ಒಲೆಯ ಹೊಗೆ, ಮೆಣಸಿನಕಾಯಿ ಕಣದ ಧೂಳು ಕುಳಿತರೂ ಅಷ್ಟೇ. ಬಿಸಿಲೇರುವ ಮೊದಲೇ ನೀರಿನಿಂದ ಒರೆಸಿರಿ.

ಜೋಡಿಸುವಾಗ ಫಲಕದ ಮೇಲೆ ಗೋಣಿತಾಟು ಹೊದಿಸಿರಿ. ಬಿಸಿಲಿರುವಷ್ಟು ಹೊತ್ತೂ ಅದರಲ್ಲಿ ವಿದ್ಯುತ್ ಇರುತ್ತದೆ. ಚಾರ್ಜ್ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಡಿ.ಸಿ. ಫ್ಯೂಸ್ ಇರಲೇಬೇಕು. 24 ವೋಲ್ಟು ಕಡಿಮೆಯೆಂದು ಸಲಿಗೆ ಬೇಡ. ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಬೆಂಕಿಯೇ. ಸೀಸದ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುವುದರಿಂದ ಅದನ್ನು ಮಲಗುವ ಕೋಣೆಯಲ್ಲಾಗಲಿ ಒಲೆಯ ಬಳಿಯಲ್ಲಾಗಲಿ ಇಡಬಾರದು. ಡಿಸ್ಟಿಲ್ಡ್ ನೀರನ್ನಲ್ಲದೆ ಬಾವಿಯ ನೀರು ಹಾಕಬಾರದು.

ಕೈಹಾಕಬಾರದ್ದು

ಇನ್ವರ್ಟರಿನಿಂದ ಹೊರಡುವ 230 ವೋಲ್ಟನ್ನು ಮನೆಯ ವೈರಿಂಗಿಗೆ ಕೂಡಿಸುವುದು, ಅರ್ತಿಂಗ್ ಮಾಡುವುದು ಲೈಸೆನ್ಸುದಾರರ ಕೆಲಸ. ಚೇಂಜ್‌ಓವರ್ ವ್ಯವಸ್ಥೆಯಿಲ್ಲದೆ ಕೂಡಿಸಿದರೆ ನಮ್ಮ ಮನೆಯ ಕರೆಂಟು ಹಿಂದಕ್ಕೆ ಲೈನಿಗೆ ಹರಿಯಬಹುದು. ಟ್ರಾನ್ಸ್‌ಫಾರ್ಮರಿನ ಆಚೆಗೆ ಅದೇ 11,000 ವೋಲ್ಟಾಗುತ್ತದೆ. ಲೈನು ಬಂದಾಗಿದೆಯೆಂದು ನಂಬಿ ಕಂಬ ಹತ್ತಿದವನು ನಮ್ಮ ಊರಿನ ಹುಡುಗನೇ ಆಗಿರುತ್ತಾನೆ. ಅಲ್ಲಿ ಉಳಿಸುವ ಕೂಲಿ ನಮಗೆ ಬೇಡ.

– ಕಾರ್ಯದರ್ಶಿ